ಬೆಲ್ಟ್, ರಿಂಗ್, ಹಗ್ಗ: ಮೂರನ್ನೂ ಬಳಸಿ ನೋಡಿದ ಮೇಲೆ

ದಂಡ, ಬೈಠಕ್ ಹೊಡೆಯಲು ಯಾವ ಸಾಮಾನೂ ಬೇಡ. ನೆಲ ಇದ್ದರೆ ಸಾಕು. ಎದೆ, ತೋಳು, ತೊಡೆ ಅದರಲ್ಲೇ ಗಟ್ಟಿಯಾಗುತ್ತವೆ. ಆದರೆ ಬೆನ್ನಿಗೆ ಏನು ಮಾಡೋದು? ನೆಲವನ್ನು ತಳ್ಳಬಹುದು, ಎಳೆಯಲು ಆಗೋದಿಲ್ಲ. ಎಳೆಯಬೇಕಾದರೆ ಮೇಲಿಂದ ಏನಾದರೂ ಇಳಿಬಿದ್ದಿರಬೇಕು. ಹಳೆಯ ತಾಲೀಮುಗಳಲ್ಲಿ, ಅಂದರೆ ಕುಸ್ತಿಯ ಗರಡಿಮನೆಗಳಲ್ಲಿ, ಒಂದು ಹಗ್ಗ ನೇತಾಡುತ್ತಿರುವುದು ಇದಕ್ಕೇ ಅಲ್ವಾ?

ನಾನಿರುವುದು ಬೆಳಗಾವಿಯ ಶಹಾಪುರದ ಒಂದು ಹಳೆಯ ಹೆಂಚಿನ ಮನೆಯಲ್ಲಿ. ದಿನವಿಡೀ ಕಂಪ್ಯೂಟರ್ ಮುಂದೆ ಕೂರುವ ಕೆಲಸ. ಜಿಮ್‌ಗೆ ಹೋಗದೆ ಮನೆಯಲ್ಲೇ ಬೆನ್ನು ಗಟ್ಟಿ ಮಾಡಬೇಕು, ಬಿಗಿದ ಹೆಗಲು, ಸೊಂಟ ಸಡಿಲ ಮಾಡಬೇಕು ಅಂತ ಮೂರು ಸಾಮಾನು ತಂದು ಬಳಸಿದ್ದೇನೆ. ಸಸ್ಪೆನ್ಷನ್ ಬೆಲ್ಟ್, ಮರದ ಜಿಮ್ನಾಸ್ಟಿಕ್ಸ್ ರಿಂಗ್ (ಪಟ್ಟಿಯಲ್ಲಿ ಇಳಿಬಿಡುವ ಎರಡು ಬಳೆ), ನೂಲಿನ ದಪ್ಪ ಹಗ್ಗ. ಮೂರೂ ಒಂದು ಮಳೆಗಾಲ, ಒಂದು ಬೇಸಿಗೆ ಕಂಡಿವೆ.

ಮೊದಲು ಬೆಲ್ಟ್. ಜಿಮ್‌ಗಳಲ್ಲಿ ಟಿಆರ್‌ಎಕ್ಸ್ ಅಂತ ಹೇಳುವುದು ಇದಕ್ಕೇ. ಮೇಲೆ ಒಂದೇ ಕೊಕ್ಕೆ, ಅಲ್ಲಿಂದ ಎರಡು ಪಟ್ಟಿ, ತುದಿಗೆ ಹಿಡಿಕೆ, ಹಿಡಿಕೆಯ ಕೆಳಗೆ ಪಾದ ಇಡಲು ಒಂದು ಕುಣಿಕೆ. ಅಮೆರಿಕದ ನೌಕಾಪಡೆಯ ಸೀಲ್ ಕಮಾಂಡೊ ಆಗಿದ್ದ ರ‍್ಯಾಂಡಿ ಹೆಟ್ರಿಕ್ ಇದರ ಮೊದಲ ರೂಪವನ್ನು 1997ರಲ್ಲಿ ಮಾಡಿದರು. ದೂರದ ಕೆಲಸದ ಮೇಲೆ ಹೋದಾಗ ಜಿಮ್ ಇರಲಿಲ್ಲ. ಜಿಯು-ಜಿಟ್ಸು ಆಟದ ನಡುಪಟ್ಟಿ, ಪ್ಯಾರಾಚೂಟಿನ ಪಟ್ಟಿ ಸೇರಿಸಿ ಹೊಲಿದುಕೊಂಡರು. ಅವರಿಗೂ ತೊಂದರೆ ಕೊಟ್ಟದ್ದು ಇದೇ: ತಳ್ಳಲು ನೆಲ ಇದೆ, ಎಳೆಯಲು ಏನೂ ಇಲ್ಲ.

ಬೆಲ್ಟಿನಲ್ಲಿ ನನಗೆ ತುಂಬಾ ಇಷ್ಟವಾಗಿದ್ದು ಭಾರವನ್ನು ಬೇಕಾದಷ್ಟೇ ತೆಗೆದುಕೊಳ್ಳುವ ಅನುಕೂಲ. ಹಿಡಿಕೆ ಹಿಡಿದು ಸ್ವಲ್ಪವೇ ಹಿಂದಕ್ಕೆ ವಾಲಿ ಮೈಯನ್ನು ಎಳೆದುಕೊಂಡರೆ ಹಗುರ. ಪಾದವನ್ನು ಒಂದು ಹೆಜ್ಜೆ ಮುಂದಿಟ್ಟರೆ ಮೈ ಇನ್ನಷ್ಟು ಮಲಗುತ್ತದೆ, ಭಾರ ಏರುತ್ತದೆ. ತೋಳು ಸೋತರೆ ಅರ್ಧ ಹೆಜ್ಜೆ ಹಿಂದೆ ಬನ್ನಿ, ಅಷ್ಟೇ. ತೂಕದ ಬಿಲ್ಲೆ ಬದಲಿಸುವ ಕೆಲಸವೇ ಇಲ್ಲ. ಅರವತ್ತು ದಾಟಿದ ನಮ್ಮ ಅವ್ವ ಕೂಡ ಇದನ್ನು ಹಿಡಿದು ಕುಕ್ಕರಗಾಲಿನಲ್ಲಿ ಕೂತು ಏಳುತ್ತಾಳೆ. ಮಂಡಿಗೆ ಬೀಳುವ ಭಾರದಲ್ಲಿ ಒಂದಷ್ಟನ್ನು ಕೈ ಹೊರುತ್ತದೆ. ರಿಂಗಿನ ಕಡೆ ಅವಳು ತಿರುಗಿಯೂ ನೋಡುವುದಿಲ್ಲ.

ಮೈ ಸಡಿಲ ಮಾಡುವುದಕ್ಕೆ ಮೂರರಲ್ಲಿ ಬೆಲ್ಟಿಗೇ ಮೊದಲ ಜಾಗ. ಹಿಡಿಕೆ ಹಿಡಿದು ಸೊಂಟವನ್ನು ಹಿಂದಕ್ಕೆ ಒಯ್ದು ತಲೆ ತಗ್ಗಿಸಿದರೆ ಕಂಕುಳಿನಿಂದ ಪಕ್ಕೆಯವರೆಗೆ ಎಳೆತ ಬರುತ್ತದೆ. ಬೆಲ್ಟಿಗೆ ಬೆನ್ನು ಮಾಡಿ, ಕೈ ಅಗಲಿಸಿ ಒಂದು ಹೆಜ್ಜೆ ಮುಂದೆ ಹೋದರೆ ಎದೆ ತೆರೆದುಕೊಳ್ಳುತ್ತದೆ. ಒಂದು ಪಾದವನ್ನು ಹಿಂದೆ ಕುಣಿಕೆಗೆ ಸಿಕ್ಕಿಸಿ ಮುಂದಿನ ಮಂಡಿ ಮಡಿಸಿದರೆ, ದಿನವಿಡೀ ಕುರ್ಚಿಯಲ್ಲಿ ಮುದುಡಿದ ತೊಡೆಸಂದು ಬಿಚ್ಚುತ್ತದೆ. ಬೆಲ್ಟು ಭಾರ ಹೊರುವುದರಿಂದ ಎಷ್ಟು ಬೇಕೋ ಅಷ್ಟೇ ಇಳಿದು ನಿಲ್ಲಬಹುದು. ಸಂಜೆ ಕೆಲಸ ಮುಗಿದ ಮೇಲೆ ನಾನು ಮೊದಲು ಹಿಡಿಯುವುದು ಇದನ್ನೇ.

ತೊಂದರೆಗಳೂ ಇವೆ. ಎರಡೂ ಪಟ್ಟಿ ಮೇಲೆ ಒಂದೇ ಕಡೆ ಕೂಡುವುದರಿಂದ ದಂಡ ಹೊಡೆಯುವಾಗ ತೋಳಿಗೆ ಉಜ್ಜುತ್ತವೆ. ಅಗ್ಗದ ಕೆಲವು ಬೆಲ್ಟುಗಳಲ್ಲಿ ಒಂದು ಕೈ ಜಾಸ್ತಿ ಎಳೆದರೆ ಇನ್ನೊಂದು ಹಿಡಿಕೆ ಮೇಲಕ್ಕೆ ಓಡುತ್ತದೆ. ಕಲಿಯುವವರಿಗೆ ಇದು ಒಳ್ಳೆಯದಲ್ಲ. ಕೊಳ್ಳುವ ಮೊದಲು ಒಂದು ಹಿಡಿಕೆ ಜಗ್ಗಿ ಇನ್ನೊಂದು ಅಲ್ಲಾಡುತ್ತದೆಯೇ ನೋಡಿ.

ಇನ್ನು ಬಾಗಿಲಿನ ಮಾತು. ಬೆಲ್ಟಿನ ಜೊತೆ ಬರುವ ಮೆತ್ತೆಯ ಗಂಟನ್ನು ಬಾಗಿಲ ಮೇಲಂಚಿನಲ್ಲಿ ಆಚೆ ಬದಿಗೆ ಇಟ್ಟು ಬಾಗಿಲು ಮುಚ್ಚಬೇಕು. ನೀವು ಎಳೆದಾಗ ಬಾಗಿಲು ಇನ್ನೂ ಬಿಗಿಯಾಗಿ ಮುಚ್ಚುವ ಬದಿಯಲ್ಲೇ ನಿಲ್ಲಬೇಕು. ಅಂದರೆ ಬಾಗಿಲು ನಿಮ್ಮಿಂದ ಆಚೆಗೆ ತೆರೆಯುವಂಥದ್ದಾಗಿರಬೇಕು. ಒಂದೇ ಹಲಗೆಯ ಗಟ್ಟಿ ಬಾಗಿಲಿದ್ದರೆ ಸರಿ. ನಮ್ಮ ಗಲ್ಲಿಗಳ ಹಳೆಯ ಮನೆಗಳಲ್ಲಿ ಇರುವುದು ನಡುವೆ ಕೂಡುವ ಎರಡು ಪಡಿ ಬಾಗಿಲು. ಒಂದು ಪಡಿಗೆ ಮೈಭಾರ ಹಾಕಿದರೆ ಅದು ಅಲ್ಲಾಡುತ್ತದೆ, ಮೇಲಿನ ಚಿಲಕದ ಮೊಳೆ ಸಡಿಲಾಗುತ್ತದೆ. ಪ್ಲಾಸ್ಟಿಕ್ ಬಾಗಿಲಿನ ಸುದ್ದಿಗೇ ಹೋಗಬೇಡಿ. ಹಾಗಾಗಿ ನಾನು ಬೆಲ್ಟನ್ನೂ ತೊಲೆಗೇ ಹಾಕಿದ್ದೇನೆ.

ತೊಲೆಯ ಮಾತು ಬಂದರೆ ರಿಂಗಿನ ಮಾತು ಬಂದ ಹಾಗೆಯೇ. ಪಂಚಮಿಗೆ ಜೋಕಾಲಿ ಕಟ್ಟಲು ಅಜ್ಜನ ಕಾಲದಲ್ಲಿ ಹಾಕಿಸಿದ ಎರಡು ಕಬ್ಬಿಣದ ಕೊಂಡಿ ನಮ್ಮ ತೊಲೆಯಲ್ಲಿವೆ. ನಡುವೆ ಎರಡು ಗೇಣಿಗಿಂತ ಸ್ವಲ್ಪ ಜಾಸ್ತಿ ಅಂತರ. ಸ್ಪರ್ಧೆಯ ರಿಂಗುಗಳ ನಡುವೆ ಇರಬೇಕಾದದ್ದು 50 ಸೆಂಟಿಮೀಟರ್. ಬಳೆಯ ಒಳಗಿನ ಅಗಲ 18 ಸೆಂಟಿಮೀಟರ್, ಮರದ ದಪ್ಪ 28 ಮಿಲಿಮೀಟರ್. ಮನೆಗೆ ಮಾರುವವುಗಳಲ್ಲಿ 32 ಮಿಲಿಮೀಟರಿನ ದಪ್ಪ ಬಳೆಯೂ ಸಿಗುತ್ತದೆ. ಅಂಗೈ ಸಣ್ಣದಿರುವವರಿಗೆ 28 ಒಳ್ಳೆಯದು.

ಬಲದ ವಿಷಯದಲ್ಲಿ ರಿಂಗಿಗೆ ಸಾಟಿಯಿಲ್ಲ. ಎರಡು ಬಳೆ ಬೇರೆ ಬೇರೆ ಕಡೆಯಿಂದ ಇಳಿದಿರುವುದರಿಂದ ನಡುವೆ ಮೈ ಹೋಗಲು ಜಾಗ ಇದೆ. ಮೇಲೆ ಏರಿ, ತೋಳು ನೆಟ್ಟಗೆ ಮಾಡಿ, ಬಳೆಗಳನ್ನು ಪಕ್ಕೆಗೆ ಒತ್ತಿ ಸುಮ್ನೆ ನಿಲ್ಲುವುದೇ ದೊಡ್ಡ ವ್ಯಾಯಾಮ. ಮೊದಲು ಕೈ ಗಡಗಡ ನಡುಗುತ್ತದೆ. ನಡುಕ ನಿಂತ ಮೇಲೆ ಕೆಳಗಿಳಿದು ಏಳುವುದು, ಆಮೇಲೆ ಗದ್ದ ಬಳೆಗಿಂತ ಮೇಲೆ ಬರುವಂತೆ ಎಳೆಯುವುದು. ಬಳೆ ಕೈಯ ಜೊತೆ ತಿರುಗುವುದರಿಂದ ಮಣಿಕಟ್ಟು, ಮೊಣಕೈ ತಮಗೆ ಹಿತವಾದ ಕಡೆ ತಿರುಗುತ್ತವೆ. ಗಟ್ಟಿ ಕಂಬಿಗೆ ಜೋತು ಬಿದ್ದಾಗ ನನಗೆ ಬರುತ್ತಿದ್ದ ಮೊಣಕೈ ನೋವು ರಿಂಗಿನಲ್ಲಿ ಬರಲಿಲ್ಲ. ಬಲ ಬಂದ ಮೇಲೆ, ಕಾಲು ಎತ್ತಿ ಮೈಯನ್ನು ತೋಳುಗಳ ನಡುವಿನಿಂದ ಹಿಂದಕ್ಕೆ ಮಗುಚಿ ನೇತಾಡಿದರೆ ಭುಜ ಬಿಚ್ಚಿಕೊಳ್ಳುವ ರೀತಿಯೇ ಬೇರೆ. ಆದರೆ ಭುಜದಲ್ಲಿ ಮೊದಲೇ ನೋವಿದ್ದವರು ಇದಕ್ಕೆ ಕೈ ಹಾಕಬಾರದು.

ಕಲಿಯುವವರನ್ನು ರಿಂಗ್ ಬೇಗ ಸುಸ್ತು ಮಾಡುತ್ತದೆ, ಇದು ನಿಜ. ಎತ್ತರ ಬದಲಿಸಲು ಎರಡೂ ಬಕಲ್ ಬಿಚ್ಚಬೇಕು, ಎರಡೂ ಸಮ ಇರಬೇಕು. ಪಟ್ಟಿಯ ಮೇಲೆ ನಂಬರ್ ಅಚ್ಚಾಗಿರುವುದನ್ನೇ ಕೊಂಡರೆ ಈ ಗೋಳು ಇಲ್ಲ. ಪಾದ ಬಳೆಯಲ್ಲಿ ಇಟ್ಟರೆ ಮರ ಒತ್ತಿ ನೋಯುತ್ತದೆ. ನಾನು ಬಳೆಗೆ ಮಡಿಸಿದ ಟವೆಲ್ ಸುತ್ತುತ್ತೇನೆ.

ಹಗ್ಗದ ಹುಚ್ಚು ನನಗೆ ಹತ್ತಿದ್ದು ತಾಲೀಮಿನ ವಸ್ತಾದರಿಂದ, ಅಂದರೆ ಕುಸ್ತಿ ಕಲಿಸುವ ಗುರುವಿನಿಂದ. ಬೆಲ್ಟ್ ತೋರಿಸಿದಾಗ ಅವರು ಅದನ್ನು ಎರಡು ಸಲ ಜಗ್ಗಿ ನೋಡಿದರು. “ಚಲೋ ಐತಿ ತಮ್ಮಾ. ಆದ್ರ ಹಿಡಿಕಿ ಕೊಟ್ಟಾರಲ್ಲ, ಮುಷ್ಟಿಗೆ ಏನ್ ಕೆಲಸ ಉಳೀತು?” ಅಂದರು. ಅವರ ಮಾತು ಸರಿ. ಕುಸ್ತಿ ಆಡುವವರಿಗೆ ಮುಷ್ಟಿಯೇ ಅರ್ಧ ಆಟ. ಹಗ್ಗ ಹಿಡಿದು ಮುಂಗೈ ಬಲಿತಷ್ಟು ಬೆಲ್ಟಿನಲ್ಲೂ ಬಲಿಯಲಿಲ್ಲ, ರಿಂಗಿನಲ್ಲೂ ಬಲಿಯಲಿಲ್ಲ. 1896ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ರಿಂಗಿನ ಜೊತೆ ಹಗ್ಗ ಹತ್ತುವುದೂ ಒಂದು ಸ್ಪರ್ಧೆಯಾಗಿತ್ತು. 1932ರ ನಂತರ ಹಗ್ಗವನ್ನು ಒಲಿಂಪಿಕ್ಸ್‌ನಿಂದ ಕೈಬಿಟ್ಟರು, ರಿಂಗ್ ಇವತ್ತಿಗೂ ಇದೆ. ಹಗ್ಗದ ಮಲ್ಲಕಂಬ ಇದೆಯಲ್ಲ, ಅದರ ಸೊಗಸು ಬೇರೆ. ಹಗ್ಗವನ್ನು ಕಾಲಿನ ಹೆಬ್ಬೆರಳು ಮತ್ತು ಪಕ್ಕದ ಬೆರಳಿನ ನಡುವೆ ಸಿಕ್ಕಿಸಿ, ಗಂಟು ಹಾಕದೆ ಮೈಗೆ ಸುತ್ತಿಕೊಂಡು ಆಸನ ಮಾಡುವವರನ್ನು ನೋಡಿದರೆ ಬಲ ಬೇರೆ, ಬಾಗುವಿಕೆ ಬೇರೆ ಅನ್ನಿಸುವುದೇ ಇಲ್ಲ. ಆದರೆ ಅದನ್ನು ಗುರುವಿಲ್ಲದೆ ಮನೆಯಲ್ಲಿ ಮಾಡಲು ಹೋಗಬಾರದು.

ಮನೆಯಲ್ಲಿ ನಾನು ಹಗ್ಗದಲ್ಲಿ ಮಾಡುವುದು ಒಂದೇ. ಹಗ್ಗ ಹಿಡಿದು ನೆಲಕ್ಕೆ ಅಂಗಾತ ಇಳಿಯುವುದು, ಮತ್ತೆ ಕೈ ಮೇಲೆ ಕೈ ಇಡುತ್ತಾ ನಿಲ್ಲುವುದು. ಪೂರ್ತಿ ಹತ್ತಲು ನಮ್ಮ ತೊಲೆಯ ಎತ್ತರ ಸಾಲದು. ಬೆಳಗಾವಿಯ ಮಳೆಯಲ್ಲಂತೂ ಹಗ್ಗ ಸೋತಿತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೂಲು ಒಣಗುವುದೇ ಇಲ್ಲ. ತೇವ ಹಿಡಿದು ಬಿರುಸಾಗುತ್ತದೆ, ಬೂಷ್ಟು ಹಿಡಿಯುತ್ತದೆ. ಬೆಲ್ಟಿನ ಪಟ್ಟಿ ಮಾತ್ರ ಫ್ಯಾನ್ ಗಾಳಿಗೇ ಒಣಗಿತು. ಮರದ ಬಳೆಗೂ ಏನೂ ಆಗಲಿಲ್ಲ. ಬೆವರಿದ ಕೈಗೆ ಪ್ಲಾಸ್ಟಿಕ್ ಬಳೆಗಿಂತ ಮರದ್ದೇ ಚೆನ್ನಾಗಿ ಸಿಗುತ್ತದೆ.

ಬಾಡಿಗೆ ಮನೆ, ಗಟ್ಟಿ ಬಾಗಿಲು, ಇದೇ ಮೊದಲ ಸಲ ವ್ಯಾಯಾಮ ಅಂದರೆ ಬೆಲ್ಟ್ ತನ್ನಿ. ಜೋಕಾಲಿ ಕೊಂಡಿ ಇದ್ದವರು ಬೆಲ್ಟಿಗೆ ದುಡ್ಡು ಹಾಕುವುದು ಬೇಡ. ರಿಂಗಿನ ಪಟ್ಟಿಯನ್ನು ಉದ್ದ ಬಿಟ್ಟು ಸೊಂಟದ ಎತ್ತರಕ್ಕೆ ಇಳಿಸಿದರೆ ವಾಲಿ ಎಳೆಯುವ ವ್ಯಾಯಾಮವೆಲ್ಲ ಅದರಲ್ಲೇ ಆಗುತ್ತದೆ, ಮೇಲಕ್ಕೆ ಕಟ್ಟಿದರೆ ದೊಡ್ಡ ವ್ಯಾಯಾಮ ಕಾಯುತ್ತಿರುತ್ತದೆ. ಒಂದನ್ನೇ ಇಟ್ಟುಕೊಳ್ಳಿ ಅಂದರೆ ನಾನು ರಿಂಗ್ ಇಟ್ಟುಕೊಳ್ಳುತ್ತೇನೆ. ಹಗ್ಗ ಕುಸ್ತಿಯವರಿಗೆ, ಮತ್ತು ಹತ್ತಿರದಲ್ಲೇ ತಾಲೀಮು ಇರುವವರಿಗೆ.

ಯಾವುದನ್ನೇ ತನ್ನಿ, ಫ್ಯಾನಿನ ಕೊಕ್ಕೆಗೆ ಮಾತ್ರ ಕಟ್ಟಬೇಡಿ. ಫ್ಯಾನಿನ ಭಾರವೇ ಬೇರೆ, ಮನುಷ್ಯ ಜೋತು ಬಿದ್ದು ತೂಗುವ ಭಾರವೇ ಬೇರೆ. ಕೊಂಡಿಗೆ ಸಿಕ್ಕಿಸುವ ಕ್ಯಾರಬೈನರ್ (ತೆರೆದು ಮುಚ್ಚುವ ಲೋಹದ ಕೊಕ್ಕೆ) ಮೇಲೆ ಕೆಎನ್ (kN, ಕಿಲೋನ್ಯೂಟನ್) ಎಂಬ ಅಕ್ಷರದ ಜೊತೆ ಒಂದು ಅಂಕಿ ಇರಬೇಕು. ಒಂದು ಕೆಎನ್ ಅಂದರೆ ಹೆಚ್ಚುಕಡಿಮೆ 100 ಕಿಲೋ ಭಾರ. ಬಂಡೆ ಹತ್ತುವವರು ಬಳಸುವವುಗಳಲ್ಲಿ, ಉದ್ದಕ್ಕೆ ಎಳೆಯುವ ಭಾರದ ಅಂಕಿ ಸಾಮಾನ್ಯವಾಗಿ 20ಕ್ಕಿಂತ ಕಡಿಮೆ ಇರುವುದಿಲ್ಲ. ಬೀಗದ ಕೈಗೆ ಹಾಕುವ ಬಣ್ಣಬಣ್ಣದ ಕೊಕ್ಕೆ ಇದಕ್ಕೆ ಆಗುವುದಿಲ್ಲ. ಹೊಲಿಗೆಯ ದಾರ ಎದ್ದಿದೆಯೇ ಅಂತ ಆಗಾಗ ನೋಡಿ. ನೈಲಾನ್ ಪಟ್ಟಿಯನ್ನು ಬಿಸಿಲಲ್ಲಿ ತಿಂಗಳುಗಟ್ಟಲೆ ಬಿಟ್ಟರೆ ಬಲ ಕಳೆದುಕೊಳ್ಳುತ್ತದೆ. ಹಾಗಾಗಿ ನಮ್ಮೂರಿನ ವ್ಯಾಕ್ಸಿನ್ ಡಿಪೋ ಮೈದಾನದ ಕಡೆ ಬೆಳಗ್ಗೆ ಹೋಗಿ ಮರಕ್ಕೆ ಕಟ್ಟುವವರು ಮುಗಿದ ಕೂಡಲೇ ಬಿಚ್ಚಿ ತನ್ನಿ. ತೊಡೆಯಷ್ಟು ದಪ್ಪದ ಹಸಿ ಕೊಂಬೆಯನ್ನೇ ಆರಿಸಿ. ಸಣ್ಣ ದಾರ ತೊಗಟೆಯನ್ನು ಕೊರೆಯುತ್ತದೆ, ಅಗಲ ಪಟ್ಟಿಯನ್ನೇ ಸುತ್ತಿ.