ಪೈಪಿಗೆ ಆಸಿಡ್ ಹಾಕಿಸುವ ಮೊದಲು ಟೆರೇಸ್ ಮೇಲಿನ ವಾಲ್ವ್ ನೋಡಿ

ತುಮಕೂರಿನ ನಮ್ಮ ಮನೆಗೆ 22 ವರ್ಷ. ಪೈಪೆಲ್ಲ ಹಳೇ ಜಿಐ, ಅಂದ್ರೆ ಸತು ಲೇಪಿಸಿದ ಕಬ್ಬಿಣ; ನೀರು ಬೋರ್‌ವೆಲ್‌ದು. ಫೆಬ್ರವರಿಯಲ್ಲಿ ಮಹಡಿಯ ಎರಡೂ ಬಾತ್‌ರೂಮಿನಲ್ಲಿ ನೀರು ಸಣ್ಣಗಾಯಿತು. 15 ಲೀಟರಿನ ಬಕೆಟ್ ತುಂಬಲು ಒಂಬತ್ತು ನಿಮಿಷ!

ಬಂದ ಪ್ಲಂಬರ್ ನಲ್ಲಿ ತಿರುಗಿಸಿ ನೋಡಿದ, ಅಷ್ಟೇ. "ಸಾರ್, ಪೈಪೊಳಗೆ ಉಪ್ಪು ಕಟ್ಟಿದೆ. ಆಸಿಡ್ ಬಿಟ್ರೆ ಕ್ಲೀನಾಗುತ್ತೆ, 2,500 ಕೊಡಿ" ಅಂದ. ಬೋರ್ ನೀರಿಗೆ ಬಕೆಟ್ಟೇ ಬೆಳ್ಳಗಾಗುತ್ತೆ, ಪೈಪ್ ಬಿಟ್ಟೀತೇ ಅಂತ ನಾನೂ ನಂಬಿದೆ. ಅಮ್ಮ ಮಾತ್ರ, "ಕೆಳಗೆ ಅಡುಗೆಮನೇಲಿ ಚೆನ್ನಾಗೇ ಬರ್ತಿದೆಯಲ್ಲೋ, ಅದೂ ಅದೇ ನೀರು ತಾನೇ?" ಅಂದರು. ಕಿವಿಗೆ ಹಾಕಿಕೊಳ್ಳಲಿಲ್ಲ.

ಅವನು ಟೆರೇಸ್ ಹತ್ತಿ, ಟ್ಯಾಂಕಿನಿಂದ ಮಹಡಿಗೆ ಇಳಿಯುವ ಲೈನಿನ ಗೇಟ್ ವಾಲ್ವ್ ಮುಚ್ಚಿದ. ಅದರ ಕೆಳಗಿನ ಯೂನಿಯನ್ (ಪೈಪನ್ನು ಬಿಚ್ಚಿ ಜೋಡಿಸಲು ಇರುವ ಜಾಯಿಂಟ್) ಬಿಚ್ಚಿ ಆಸಿಡ್ ಸುರಿದ. ಅರ್ಧ ಗಂಟೆ ಬಿಟ್ಟು ನೀರು ಹರಿಸಿದ. ಗೀಸರಿಗೆ ಹೋಗುವ ಆಂಗಲ್ ಕಾಕ್ (ಗೋಡೆಯಲ್ಲಿರುವ ಸಣ್ಣ ವಾಲ್ವ್) ಮುಚ್ಚಲೇ ಇಲ್ಲ, ಆಸಿಡ್ ಅದರೊಳಗೂ ಹೋಯಿತು. ಕಂದು ನೀರು, ತುಕ್ಕಿನ ಚೂರು, ಘಾಟು. ಚೂರುಗಳೆಲ್ಲ ನಲ್ಲಿ ತುದಿಯ ಜಾಲರಿಗೆ ಸಿಕ್ಕಿ, ಇದ್ದ ನೀರೂ ನಿಂತಿತು.

ಜಿಐ ಪೈಪಿಗೆ ಕಾವಲು ಅಂದ್ರೆ ಮೇಲಿನ ಸತುವಿನ ಲೇಪನ. ಆಸಿಡ್ ಉಪ್ಪಿನ ಜೊತೆ ಅದನ್ನೂ, ಕೆಳಗಿನ ಕಬ್ಬಿಣವನ್ನೂ ತಿನ್ನುತ್ತೆ. ಹಳೇ ಪೈಪಿನಲ್ಲಿ ಎಷ್ಟೋ ಕಡೆ ಆ ತುಕ್ಕೇ ತೂತು ಮುಚ್ಚಿಕೊಂಡಿರುತ್ತೆ. ಹತ್ತೇ ದಿನಕ್ಕೆ ರೂಮಿನ ಗೋಡೆ ಒದ್ದೆಯಾಯಿತು. ಮುಂದಿನ ತಿಂಗಳು ಗೀಸರ್ ಸೋರಿತು. ಆ ಪುಣ್ಯಾತ್ಮನ ಫೋನ್ ಅಷ್ಟರಲ್ಲಿ ಸ್ವಿಚ್ ಆಫ್.

ಆಮೇಲೆ ಬಂದ ವಯಸ್ಸಾದ ಪ್ಲಂಬರ್ ಕೇಳಿದ ಮೊದಲ ಪ್ರಶ್ನೆ: "ಇತ್ತೀಚೆಗೆ ಟ್ಯಾಂಕ್ ತೊಳೆಸಿದ್ರಾ ಸಾರ್?" ಹೌದಲ್ವಾ! ಜನವರಿ ಕೊನೆಗೆ ತೊಳೆಸಿದ್ದೆ. ಬಿಗಿಯಾಗಿದ್ದ ವಾಲ್ವನ್ನು ನಾನೇ ಜೋರಾಗಿ ಮುಚ್ಚಿ ತೆಗೆದಿದ್ದೆ. ಅವರು ಅದನ್ನು ಕಳಚಿ ತೋರಿಸಿದರು. ಮೇಲೆ ಚಕ್ರ ಸಲೀಸಾಗಿ ತಿರುಗುತ್ತಿತ್ತು, ನೀರು ತಡೆಯುವ ಒಳಗಿನ ಗೇಟ್ ಮಾತ್ರ ಸ್ಪಿಂಡಲಿನಿಂದ, ಅಂದ್ರೆ ಚಕ್ರದ ಕಡ್ಡಿಯಿಂದ, ಕಳಚಿ ಕೆಳಗೇ ಕೂತಿತ್ತು. ಬದಿಯಲ್ಲಿ ನುಸುಳಿದ ನೀರಷ್ಟೇ ನಮಗೆ ಬರುತ್ತಿದ್ದದ್ದು. ಅಡುಗೆಮನೆಯದು ಬೇರೆ ಲೈನ್, ಬೇರೆ ವಾಲ್ವ್. ಮೊದಲನೆಯವನು ಯೂನಿಯನ್ ಬಿಚ್ಚಿದಾಗ ಒಂದು ಸಲ ವಾಲ್ವ್ ತಿರುಗಿಸಿ ನೀರು ಬರುತ್ತಾ ಅಂತ ನೋಡಿದ್ದರೂ ಅಲ್ಲೇ ಗೊತ್ತಾಗುತ್ತಿತ್ತು.

ಹೊಸ ಬಾಲ್ ವಾಲ್ವಿಗೆ 700 ರೂಪಾಯಿ. ಗೋಡೆ ಒಡೆದು ಸಿಪಿವಿಸಿ (ಪ್ಲಾಸ್ಟಿಕ್) ಪೈಪ್ ಎಳೆಸಿ, ಗೀಸರ್ ತಂದು, ಬಣ್ಣ ಹೊಡೆಸಿದ್ದಕ್ಕೆ 41,000.

ನಿಮ್ಮಲ್ಲೂ ನೀರು ಸಣ್ಣಗಾಗಿದ್ದರೆ ಯಾವ ನಲ್ಲಿಯಲ್ಲಿ ಅಂತ ಮೊದಲು ನೋಡಿ. ಒಂದರಲ್ಲೇ ಆದರೆ ತುದಿಯ ಜಾಲರಿ ಬಿಚ್ಚಿ ರಾತ್ರಿ ವಿನೆಗರಿನಲ್ಲಿ ನೆನೆಸಿ. ಬಿಸಿ ನೀರು ಮಾತ್ರ ಸಣ್ಣಗಿದ್ದರೆ ಗೀಸರಿನ ಕಡೆ ನೋಡಿ. ಒಂದು ಲೈನ್ ಪೂರ್ತಿ ಸಣ್ಣಗಿದ್ದರೆ ಟೆರೇಸ್ ಹತ್ತಿ. ಹೊಸ ಶವರ್ ಹಾಕಿಸಿ ಧಾರೆ ಸಾಲದು ಅನ್ನೋದು ಬೇರೆ ಕಥೆ. 10 ಮೀಟರ್ ಎತ್ತರಕ್ಕೆ ಸಿಗೋದೇ ಸುಮಾರು 1 ಬಾರ್ ಒತ್ತಡ. ಟ್ಯಾಂಕಿನಿಂದ ಮೂರು ಮೀಟರ್ ಕೆಳಗಿರೋ ಮಹಡಿ ಬಾತ್‌ರೂಮಿಗೆ ಅದರ ಮೂರನೇ ಒಂದು ಭಾಗವೂ ಇರಲ್ಲ.

ಆಸಿಡ್ ಹಾಕಿಸಿಯೇ ಬಿಟ್ಟಿದ್ದರೆ ಗೀಸರ್ ಆನ್ ಮಾಡಬೇಡಿ. ಕಿಟಕಿ ತೆಗೆದು, ಜಾಲರಿ ಬಿಚ್ಚಿ, ಒಂದೊಂದೇ ನಲ್ಲಿಯಲ್ಲಿ ತುಂಬಾ ಹೊತ್ತು ನೀರು ಹರಿಸಿ. ಗೀಸರಿನೊಳಗಿನ ನೀರನ್ನೂ ಪೂರ್ತಿ ಖಾಲಿ ಮಾಡಿಸಿ.