ಮೆಟ್‌ಫಾರ್ಮಿನ್ ಎಸ್‌ಆರ್ 500: ಎಂಟು ವರ್ಷದ ಬಳಕೆಯ ನಂತರ

ಸಕ್ಕರೆ ಕಾಯಿಲೆಯ ಈ ಮಾತ್ರೆ ಒಳ್ಳೆಯದೇ. ಬೆಲೆ ಕಡಿಮೆ, ತೀರ್ಥಹಳ್ಳಿ, ಹೊಸನಗರದ ಕಡೆಯ ಸಣ್ಣ ಮೆಡಿಕಲ್ ಶಾಪಿನಲ್ಲೂ ಸಿಗುತ್ತದೆ, ತೂಕ ಏರಿಸುವುದಿಲ್ಲ. ಇದೊಂದನ್ನೇ ನುಂಗುವವರಿಗೆ ಶುಗರ್ ತೀರಾ ಇಳಿಯುವುದು ಅಪರೂಪ. ಆದರೆ ಸ್ಟ್ರಿಪ್ಪಿನ ಹಿಂಭಾಗ ಓದಿ. ಶುಗರ್ ಇಳಿಸುವ ಇನ್ನೊಂದು ಔಷಧ ಗ್ಲಿಮೆಪಿರೈಡ್ ಸೇರಿದ ಮಾತ್ರೆಯಾದರೆ ಆ ಭರವಸೆ ಇಲ್ಲ. ನುಂಗಿ, ತಿಂಡಿ ಬಿಟ್ಟು ತೋಟಕ್ಕೆ ಇಳಿದರೆ ಬೆವರು, ನಡುಕ, ಕಣ್ಣುಕತ್ತಲೆ.

ಮೊದಲ ವಾರಗಳಲ್ಲಿ ಭೇದಿ, ಓಕರಿಕೆ, ಬಾಯಲ್ಲಿ ಕಬ್ಬಿಣದ ರುಚಿ. ರಾತ್ರಿ ಊಟದ ಜೊತೆ 500 ಮಿ.ಗ್ರಾಂನಿಂದ ಶುರುಮಾಡಿ, ವೈದ್ಯರು ಹೇಳಿದಂತೆ ನಿಧಾನವಾಗಿ ಏರಿಸಿದರೆ ಬಹುತೇಕರಿಗೆ ಒಗ್ಗುತ್ತದೆ. ಎಸ್‌ಆರ್ ಎಂದರೆ ಔಷಧವನ್ನು ನಿಧಾನವಾಗಿ ಬಿಡುವ ಮಾತ್ರೆ; ಅದನ್ನು ಪುಡಿ ಮಾಡಬೇಡಿ, ಜಗಿಯಬೇಡಿ. ಮಲದಲ್ಲಿ ಮಾತ್ರೆಯ ಸಿಪ್ಪೆ ಕಂಡರೆ ಇನ್ನೊಂದು ನುಂಗುವುದೂ ಬೇಡ; ಔಷಧ ಒಳಗೆ ಇಳಿದಿರುತ್ತದೆ, ಹೊರಬಿದ್ದದ್ದು ಖಾಲಿ ಕವಚ.

ನಿಜವಾಗಿ ಹೆದರಬೇಕಾದದ್ದು ಸದ್ದಿಲ್ಲದೆ ಬರುವ ವಿಟಮಿನ್ ಬಿ12 ಕೊರತೆಗೆ. ಸಣ್ಣಕರುಳಿನ ಕೊನೆಯಲ್ಲಿ ಬಿ12 ಹೀರಿಕೊಳ್ಳುವುದನ್ನು ಈ ಔಷಧ ತಗ್ಗಿಸುತ್ತದೆ. ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆ 2022ರಲ್ಲಿ ಇದನ್ನು ಸಾಮಾನ್ಯ ಅಡ್ಡಪರಿಣಾಮವೆಂದೇ ಹೇಳಿತು: 10 ಜನರಲ್ಲಿ ಒಬ್ಬರವರೆಗೆ. ಡೋಸು ಹೆಚ್ಚಿದಷ್ಟೂ, ವರ್ಷ ಕಳೆದಷ್ಟೂ ಅಪಾಯ ಹೆಚ್ಚು. ಮೀನು, ಮೊಟ್ಟೆ ಮುಟ್ಟದ ಮನೆಗಳಲ್ಲಿ, ಗ್ಯಾಸ್ಟ್ರಿಕ್ಕಿಗೆಂದು ದಿನಾ ಪ್ಯಾಂಟೊಪ್ರಜೋಲ್ ನುಂಗುವವರಲ್ಲಿ ಇನ್ನೂ ಬೇಗ. ಪಾದ ಜೋಮು ಹಿಡಿದರೆ, ಉರಿದರೆ ಎಲ್ಲರೂ ಶುಗರ್ ಮೇಲೆ ಹಾಕುತ್ತಾರೆ. ಬಿ12 ಪರೀಕ್ಷೆ ಯಾರೂ ಕೇಳುವುದಿಲ್ಲ. ನೀವೇ ಕೇಳಿ. ಬರೀ ಫೋಲಿಕ್ ಆಸಿಡ್ ನುಂಗಿದರೆ ರಕ್ತಹೀನತೆ ಮರೆಯಾಗಬಹುದು, ನರದ ಹಾನಿ ಒಳಗೇ ಮುಂದುವರಿಯುತ್ತದೆ. ಸ್ಪರ್ಶ ಕಳೆದುಕೊಂಡ ಪಾದಕ್ಕೆ ಅಡಿಕೆ ತೋಟದಲ್ಲಿ ಮುಳ್ಳು ಹೊಕ್ಕರೂ ತಿಳಿಯದು.

ಇನ್ನೊಂದು ಮೂತ್ರಪಿಂಡದ ಲೆಕ್ಕ. ವರ್ಷಕ್ಕೊಮ್ಮೆಯಾದರೂ ಇಜಿಎಫ್‌ಆರ್ (ಮೂತ್ರಪಿಂಡ ಎಷ್ಟು ಚೆನ್ನಾಗಿ ಸೋಸುತ್ತಿದೆ ಎಂದು ರಕ್ತಪರೀಕ್ಷೆಯಿಂದ ತಿಳಿಯುವ ಅಂಕಿ) ನೋಡಿಸಿ: 45ಕ್ಕಿಂತ ಇಳಿದರೆ ಡೋಸಿನ ಮರುವಿಚಾರ, 30ಕ್ಕಿಂತ ಇಳಿದರೆ ಈ ಮಾತ್ರೆ ಸಲ್ಲದು. ಮೂತ್ರಪಿಂಡ ಸೋತಾಗ ಔಷಧ ದೇಹದಲ್ಲೇ ಉಳಿದು ರಕ್ತದಲ್ಲಿ ಲ್ಯಾಕ್ಟಿಕ್ ಆಮ್ಲ ಏರಬಹುದು. ಬಹಳ ಅಪರೂಪ, ಆದರೆ ಜೀವಕ್ಕೇ ಅಪಾಯ. ನಮ್ಮ ಮಳೆಗಾಲದಲ್ಲಿ ಇದು ದೂರದ ಮಾತಲ್ಲ: ಗದ್ದೆಯ ನೀರಿನಿಂದ ಬರುವ ಇಲಿ ಜ್ವರ ನೇರ ಮೂತ್ರಪಿಂಡಕ್ಕೇ ಹೊಡೆಯುತ್ತದೆ. ಜ್ವರದ ಜೊತೆ ವಾಂತಿ ಭೇದಿಯಾಗಿ ನೀರೂ ನಿಲ್ಲದಿದ್ದರೆ ಮೆಟ್‌ಫಾರ್ಮಿನ್ ತಡೆಹಿಡಿದು ಅಂದೇ ವೈದ್ಯರನ್ನು ಕಾಣಿ. ಇನ್ಸುಲಿನ್ ಮಾತ್ರ ಕೇಳದೆ ನಿಲ್ಲಿಸಬೇಡಿ. ಮೈಕೈ ನೋವಿಗೆ ಡೈಕ್ಲೋಫೆನಾಕ್ ತಂದು ನುಂಗುವುದು ಆಗ ಮೂತ್ರಪಿಂಡಕ್ಕೆ ಎರಡನೆಯ ಪೆಟ್ಟು. ಏದುಸಿರು, ಹೊಟ್ಟೆನೋವು, ವಿಪರೀತ ಸುಸ್ತು ಒಟ್ಟಿಗೆ ಬಂದರೆ ಊರಿನ ಕ್ಲಿನಿಕ್ಕಿನಲ್ಲಿ ಹೊತ್ತು ಕಳೆಯದೆ ದೊಡ್ಡ ಆಸ್ಪತ್ರೆಗೆ ಹೊರಡಿ. ಬಣ್ಣದ ಇಂಜೆಕ್ಷನ್ ಕೊಟ್ಟು ಮಾಡುವ ಸ್ಕ್ಯಾನಿಗೆ ಹೋದಾಗಲೂ ಈ ಮಾತ್ರೆಯ ಹೆಸರು ಮೊದಲೇ ಹೇಳಿ.

ಅಡ್ಡಪರಿಣಾಮವನ್ನು ರೋಗಿಗಳೇ ಸರ್ಕಾರದ ಔಷಧ ಸುರಕ್ಷತಾ ಸಹಾಯವಾಣಿ 1800-180-3024ಕ್ಕೆ ಉಚಿತವಾಗಿ ವರದಿ ಮಾಡಬಹುದು. ಬ್ಯಾಚ್ ನಂಬರ್ ಕೇಳುತ್ತಾರೆ. ಸ್ಟ್ರಿಪ್ಪನ್ನು ಆ ನಂಬರ್ ಇರುವ ತುದಿ ಬಿಟ್ಟು ಕತ್ತರಿಸಿ.