ಎರಡು ದಿನ ನೀರು ಹಾಕದಿದ್ದರೆ ಯಾವುದು ಉಳಿಯುತ್ತದೆ? ಕುಂಡ, ಗ್ರೋ ಬ್ಯಾಗ್, ಎಣ್ಣೆ ಕ್ಯಾನ್, ನೆಲ

ನಮ್ಮ ಮನೆ ಮೈಸೂರಿನಲ್ಲಿ. ನಾವಿಬ್ಬರೂ ಕೆಲಸಕ್ಕೆ ಹೋಗುತ್ತೇವೆ, ಮಕ್ಕಳಿಬ್ಬರು ಚಿಕ್ಕವರು, ಅತ್ತೆಗೆ ಮಂಡಿನೋವು, ಮೆಟ್ಟಿಲು ಹತ್ತುವಂತಿಲ್ಲ. ಸ್ಕೂಲ್ ವ್ಯಾನ್ ಹೋದ ಮೇಲೆ ನನಗೆ ಸಿಗುವುದು 15 ನಿಮಿಷ. ವಾರದಲ್ಲಿ ಒಂದೆರಡು ದಿನ ಅದೂ ಇಲ್ಲ. ಆದರೂ ಮನೆಯಲ್ಲಿ ಬೆಳೆದ ಸೊಪ್ಪನ್ನು ಮಕ್ಕಳಿಗೆ ತಿನ್ನಿಸಬೇಕು ಅನ್ನೋ ಆಸೆ ಬಹಳ ದಿನದ್ದು. ಕಳೆದ ವರ್ಷ ಜೂನ್‌ನಲ್ಲಿ, ಮೃಗಶಿರ ಮಳೆ ಹಿಡಿದಾಗ ಶುರು ಮಾಡಿದೆ.

ತಾರಸಿಯ ಮೇಲೆ ಮಣ್ಣಿನ ಕುಂಡ, 12 ಇಂಚಿನ ಗ್ರೋ ಬ್ಯಾಗ್ (ಗಿಡ ಬೆಳೆಸುವ ಚೀಲ), ಹೋಟೆಲಿನವರು ಬಳಸಿ ಬಿಟ್ಟ 15 ಲೀಟರ್‌ನ ಅಡುಗೆ ಎಣ್ಣೆ ಕ್ಯಾನ್. ಕೆಳಗೆ ಹಿತ್ತಲಲ್ಲಿ ನಾಲ್ಕಡಿ ಅಗಲ, ಆರಡಿ ಉದ್ದದ ಮಡಿ. ಮೂರಕ್ಕೂ ಒಂದೇ ಮಿಶ್ರಣ ತುಂಬಿದೆ: ಕೆಂಪು ಮಣ್ಣು, ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಎರೆಗೊಬ್ಬರ ಸಮಸಮ, ಮೇಲೊಂದು ಹಿಡಿ ಬೇವಿನ ಹಿಂಡಿ. ಮಡಿಗೆ ಬರೀ ಕೊಟ್ಟಿಗೆ ಗೊಬ್ಬರ ಬೆರೆಸಿದೆ.

ಮಳೆಗಾಲದಲ್ಲಿ ಮಣ್ಣಿನ ಕುಂಡವೇ ಎಲ್ಲಕ್ಕಿಂತ ಚೆನ್ನಾಗಿತ್ತು. ಅದರ ಮೈಯೇ ತೇವ ಬಿಡುತ್ತದಲ್ಲ, ಎಷ್ಟು ಮಳೆ ಬಂದರೂ ಬೇರು ಕೊಳೆಯಲಿಲ್ಲ. ಮೆಂತ್ಯ ಸೊಪ್ಪು 25 ದಿನಕ್ಕೆ ಕೊಯ್ಲಿಗೆ ಬಂತು. ಅದೇ ಸಮಯಕ್ಕೆ ಎಣ್ಣೆ ಕ್ಯಾನಿನ ಎರಡು ಮೆಣಸಿನಕಾಯಿ ಗಿಡ ನೀರು ನಿಂತು ಸತ್ತವು. ಆಗ ಯಾರಾದರೂ ಕೇಳಿದ್ದರೆ ಕುಂಡ ತಗೊಳ್ಳಿ ಎನ್ನುತ್ತಿದ್ದೆ.

ಮಾರ್ಚ್‌ನಲ್ಲಿ ಲೆಕ್ಕ ತಿರುಗಿತು. ಊರಲ್ಲಿ ಮದುವೆ ಇತ್ತು. ಶುಕ್ರವಾರ ಬೆಳಿಗ್ಗೆ ಎಲ್ಲಕ್ಕೂ ತುಂಬ ನೀರು ಹಾಕಿ ಹೋದವರು ವಾಪಸ್ ಬಂದದ್ದು ಸೋಮವಾರ ಬೆಳಿಗ್ಗೆ. ಬ್ಯಾಗ್ ಇಳಿಸುವ ಮೊದಲೇ ತಾರಸಿಗೆ ಓಡಿದೆ. ಕುಂಡದ ಮೆಣಸಿನ ಗಿಡ ಗರಿಗರಿ ಒಣಗಿತ್ತು, ನೀರು ಕೊಟ್ಟರೂ ಏಳಲಿಲ್ಲ. ಗ್ರೋ ಬ್ಯಾಗಿನ ಗಿಡಗಳು ತಲೆ ಬಾಗಿಸಿದ್ದವು, ಸಂಜೆ ಹೊತ್ತಿಗೆ ಚೇತರಿಸಿಕೊಂಡವು. ಎಣ್ಣೆ ಕ್ಯಾನಿನ ಗಿಡಕ್ಕೆ ಏನೂ ಆಗಿರಲಿಲ್ಲ, ಹೂವು ಕೂಡ ಉದುರಿರಲಿಲ್ಲ. ಮಳೆಗಾಲದಲ್ಲಿ ಕುಂಡವನ್ನು ಕಾಪಾಡಿದ ಗುಣವೇ ಬೇಸಿಗೆಯಲ್ಲಿ ಅದಕ್ಕೆ ಮುಳುವಾಯಿತು. ಕೆಳಗಿನ ಮಡಿಯಲ್ಲಿ ಒಳಮಣ್ಣು ಇನ್ನೂ ತೇವವಾಗಿಯೇ ಇತ್ತು.

ಕ್ಯಾನ್ ಮಾಡಿಕೊಳ್ಳುವ ರೀತಿ ಹೇಳುತ್ತೇನೆ, ಯಾಕೆಂದರೆ ಗುಟ್ಟು ತೂತಿನಲ್ಲಿದೆ. ಮೇಲ್ಭಾಗ ಕತ್ತರಿಸಿ, ಬಿಸಿನೀರು, ಪಾತ್ರೆ ಸೋಪು ಹಾಕಿ ಎರಡು ಮೂರು ಸಲ ತೊಳೆಯಬೇಕು, ಎಣ್ಣೆ ಜಿಡ್ಡು ಉಳಿಯಬಾರದು. ತೂತು ಕೊರೆಯುವುದು ತಳದಲ್ಲಲ್ಲ. ತಳದಿಂದ ಎರಡು ಇಂಚು ಮೇಲೆ, ಪಕ್ಕದಲ್ಲಿ, ಎದುರುಬದುರು ಎರಡು. ಒಳಗೆ ಅಷ್ಟೆತ್ತರಕ್ಕೆ ತೆಂಗಿನಕಾಯಿ ಸಿಪ್ಪೆ ಜೋಡಿಸಿ ಮೇಲೆ ಮಣ್ಣು ತುಂಬಿ. ಸಿಪ್ಪೆ ನೀರು ಕುಡಿದು ಇಟ್ಟುಕೊಳ್ಳುತ್ತದೆ, ಮೇಲಿನ ಮಣ್ಣು ನಿಧಾನವಾಗಿ ಎಳೆದುಕೊಳ್ಳುತ್ತದೆ. ಮಳೆಗಾಲಕ್ಕೆಂದು ತಳದಲ್ಲೂ ಒಂದು ತೂತು ಮಾಡಿದ್ದೇನೆ, ಬೇಸಿಗೆಯಲ್ಲಿ ಅದಕ್ಕೆ ಬಿರಡೆ. ಇದಾದ ಮೇಲೆ ಒಂದು ಗಿಡವೂ ಕೊಳೆತಿಲ್ಲ.

ಗ್ರೋ ಬ್ಯಾಗ್ ಕೆಟ್ಟದ್ದಲ್ಲ. ಹಗುರ, ಮಡಚಿ ಇಡಬಹುದು, ಬಾಡಿಗೆ ಮನೆಯವರಿಗೆ ಅದೇ ಸರಿ. ಆದರೆ ತೆಳು ಪ್ಲಾಸ್ಟಿಕ್‌ನದ್ದು ಬೇಡ. ಅಗ್ಗ ಅಂತ ಆನ್‌ಲೈನ್‌ನಲ್ಲಿ ತರಿಸಿದ್ದ ನಾಲ್ಕೂ ಒಂದೇ ಬೇಸಿಗೆಗೆ ಹರಿದವು. ದಪ್ಪ ನೇಯ್ಗೆಯ ಹಸಿರು ಬ್ಯಾಗು ಇನ್ನೂ ಗಟ್ಟಿಯಾಗಿವೆ.

ಹಿತ್ತಲ ಮಡಿಗೆ ನೀರಿನ ಚಿಂತೆ ಕಡಿಮೆ. ಬಿಸಿಲಿನದ್ದೇ ತೊಂದರೆ. ಪಕ್ಕದ ಗೋಡೆಯಿಂದಾಗಿ ಮೂರು ಗಂಟೆಗಿಂತ ಜಾಸ್ತಿ ಬರುವುದಿಲ್ಲ. ಕಾಯಿ ಬಿಡುವ ಗಿಡಕ್ಕೆ ಆರು ಗಂಟೆಯಾದರೂ ಬೇಕು, ಹಾಗಾಗಿ ಟೊಮೆಟೊ ಬರೀ ಉದ್ದ ಬೆಳೆಯಿತು. ಸೊಪ್ಪು ಮಾತ್ರ ಸಾಕಷ್ಟು ಬಂತು. ಮಳೆಗಾಲದಲ್ಲಿ ಬಸವನಹುಳುಗಳನ್ನು ರಾತ್ರಿ ಟಾರ್ಚ್ ಹಿಡಿದು ಆರಿಸುವುದು ಮಗಳ ಕೆಲಸ. ಅವಳಿಗೆ ಅದು ತುಂಬಾ ಇಷ್ಟ.

ಗಿಡಗಳಲ್ಲೂ ಕೊಯ್ಲಿಗೆ ಕಾಯುವವು, ಕಾಯದವು ಅಂತ ಇವೆ. ಇದು ನನಗೆ ಬೆಂಡೆಕಾಯಿಯಿಂದ ಗೊತ್ತಾಯಿತು. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಅನಾಮಿಕಾ ತಳಿ ಹಾಕಿದ್ದೆ. ಹಳದಿ ನಂಜು ರೋಗ ತಡೆಯುವ ತಳಿ, ಗಿಡ ಸೊಗಸಾಗಿ ಬಂತು. ಆದರೆ ಎರಡು ದಿನಕ್ಕೊಮ್ಮೆ ಕೀಳಲೇಬೇಕು. ಪರೀಕ್ಷೆಯ ವಾರ ನಾಲ್ಕು ದಿನ ಬಿಟ್ಟೆ, ಎಲ್ಲಾ ಬಲಿತು ನಾರಾಗಿತ್ತು. ಎರಡೇ ಗಿಡ ಇದ್ದರೆ ಒಂದು ಸಲದ ಪಲ್ಯಕ್ಕೂ ಸಾಲದು, ಎಂಟು ಹತ್ತಾದರೂ ಬೇಕು. ಬಸಳೆ ಹಾಗಲ್ಲ. ಸಾರಿಗೆ ತಂದ ಬಸಳೆಯ ದಂಟು ನೆಟ್ಟರೂ ಚಿಗುರುತ್ತದೆ, ಇವತ್ತು ಕೊಯ್ಯದಿದ್ದರೆ ಮುಂದಿನ ವಾರ ಕೊಯ್ಯಬಹುದು. ಚಕ್ರಮುನಿಯೂ ಹಾಗೆಯೇ, ಒಮ್ಮೆ ನೆಟ್ಟರೆ ವರ್ಷಗಟ್ಟಲೆ. ಮೆಣಸಿನಕಾಯಿ ಕೀಳದಿದ್ದರೆ ಗಿಡದಲ್ಲೇ ಹಣ್ಣಾಗುತ್ತದೆ, ಅದೂ ಅಡುಗೆಗೆ ಆಗುತ್ತದೆ, ಅಲ್ವಾ?

ನಮ್ಮಂಥ ಮನೆಯವರು ಮೊದಲ ಸಲ ಮಾಡುವುದಾದರೆ ನಾಲ್ಕೇ ನಾಲ್ಕು ಎಣ್ಣೆ ಕ್ಯಾನ್ ಸಾಕು: ಎರಡರಲ್ಲಿ ಮೆಣಸಿನಕಾಯಿ, ಒಂದರಲ್ಲಿ ಬಸಳೆ, ಇನ್ನೊಂದರಲ್ಲಿ ಮೆಂತ್ಯ. ಕುಂಡ ಇದ್ದರೆ ಕೊತ್ತಂಬರಿಗೆ ಇಟ್ಟುಕೊಳ್ಳಿ, ಮಳೆಗಾಲಕ್ಕೆ. ನಾನು ಈ ಜೂನ್‌ಗೆ ಹೋಟೆಲಿನವರ ಹತ್ತಿರ ಇನ್ನೂ ಆರು ಕ್ಯಾನ್ ಹೇಳಿಟ್ಟಿದ್ದೇನೆ. ಒಂದನ್ನು ಮೆಟ್ಟಿಲ ಪಕ್ಕ ಬಿಸಿಲು ಬೀಳುವ ಕಡೆ ಇಡಬೇಕು. ಅತ್ತೆ ಕುರ್ಚಿ ಹಾಕಿಕೊಂಡು ಕೂತಲ್ಲಿಂದಲೇ ಅದಕ್ಕೆ ನೀರು ಹಾಕುತ್ತೇನೆ ಅಂದಿದ್ದಾರೆ.